ಗಾಳೆಪ್ಪನ ಗಿಡ್ಡ ಕಾರು

ಹಟ್ಟಿ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದ ಗಾಳೆಪ್ಪ, ಚೆನ್ನಾಗಿ ಓಡುತ್ತಿದ್ದ ತನ್ನ ಬುಲೆಟ್ ಮೋಟಾರ್ ಸೈಕಲ್ಲನ್ನು ಕೊಟ್ಟು, ನಿಂತಲ್ಲೇ ನಿಂತು ಕೋಳಿಗಳಿಗೆ ಮೊಟ್ಟೆಯಿಡಲು ಜಾಗ ಮಾಡಿಕೊಟ್ಟಿದ್ದ ಜಪಾನಿ ಕಾರೊಂದನ್ನು ತಂದ. ಇದು ಎಂಬತ್ತೆಂಟನೆಯ ಇಸವಿಯ ಮಾತು. ಗಾಳೆಪ್ಪನ ತಲೆ ಕೆಟ್ಟಿದೆ ಎಂದು ಕಂಪನಿ ಕ್ವಾರ್ಟರ್ಸಿನವರೆಲ್ಲ ಅಂದರು. ಹೆಂಡತಿ ಬಸ್ಸಮ್ಮ ಮಾತ್ರ ಹಾಗೆ ಅನ್ನಲಿಲ್ಲ. ಕೆಡುವುದಕ್ಕೆ ಮೊದಲು ತಲೆ ಅಂತ ಒಂದು ಇರಬೇಕಲ್ಲ ಎಂದಳು.

ಕಾರು ಸಿಕ್ಕಿದ್ದು ದಢೇಸುಗೂರಿನ ಕಡೆಯ ಒಂದು ಕ್ಯಾಂಪಿನಲ್ಲಿ. ಅಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಆಂಧ್ರದವರ ಮಗನೊಬ್ಬ ಅದನ್ನು ಮದ್ರಾಸಿನಿಂದ ತಂದಿದ್ದ. ಉದ್ದನೆಯ ಮೂಗು, ಎರಡೇ ಸೀಟು, ಆರು ಸಿಲಿಂಡರಿನ ಡಾಟ್ಸನ್. ರೇಸಿನ ಜಾತಿಯ ಗಾಡಿ. ಅದನ್ನು ಭತ್ತದ ಗದ್ದೆಗಳ ನಡುವೆ, ಕಾಲುವೆ ಏರಿಯ ಮೇಲೆ ಓಡಿಸುತ್ತೇನೆಂದು ಹೊರಟ ಮಹಾನುಭಾವ ಮೊದಲ ಮಳೆಗೇ ಬಾಗಿಲತನಕ ಹೂತುಹೋದ. ಟ್ರ್ಯಾಕ್ಟರು ಹಚ್ಚಿ ಎಳೆದು ತಂದು, ತೌಡಿನ ಚೀಲಗಳ ಹಿಂದೆ ತಳ್ಳಿ, ಆಮೇಲೆ ಅದರ ಮುಖ ನೋಡಲಿಲ್ಲ. ಅಕ್ಕಿ ತರಲು ಹೋಗಿದ್ದ ಗಾಳೆಪ್ಪ ಅದನ್ನು ಕಂಡು ಅಲ್ಲೇ ನಿಂತುಬಿಟ್ಟ. "ಬುಲೆಟ್ ಇಚ್ಚೇಯ್ ಅಣ್ಣಾ, ಇದಿ ತೀಸ್ಕೊನಿ ಪೋ" ಎಂದ ಗಿರಣಿಯ ಮಗ. ಬುಲೆಟ್ ಕೊಟ್ಟು ಇದನ್ನು ಒಯ್ಯಿ ಎಂಬುದನ್ನು ತಿಳಿಯಲು ಗಾಳೆಪ್ಪನಿಗೆ ಯಾರೂ ತೆಲುಗು ಕಲಿಸಬೇಕಾಗಿರಲಿಲ್ಲ.

ಬುಲೆಟ್ ಕೊಡಲು ಅವನಿಗೆ ಒಂದಿಷ್ಟೂ ಬೇಜಾರಾಗಲಿಲ್ಲ. ಅದನ್ನು ಕಂಡರೇ ನಾಚಿಕೆಯಾಗುತ್ತಿತ್ತು. ಯಾಕೆಂದು ಹೇಳಬೇಕಾದರೆ ಅವನ ಊರಿನ ವಿಷಯ ಹೇಳಬೇಕು.

ಮಸ್ಕಿ ದಾಟಿ ಪಾಮನಕಲ್ಲೂರಿನ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಅವನ ಹುಟ್ಟೂರು. ಊರ ನಡುವೆ ಆದೆಪ್ಪಗೌಡರ ಕಟ್ಟೆ. ಗಾಳೆಪ್ಪನ ಕೇರಿಯ ಜನ ಆ ಕಟ್ಟೆಯ ಮುಂದೆ ಏನನ್ನೂ ಹತ್ತಿಕೊಂಡು ಹೋಗುವಂತಿರಲಿಲ್ಲ. ಬಂಡಿಯಾದರೆ ಇಳಿದು ಎತ್ತಿನ ಜೊತೆ ನಡೆಯಬೇಕು, ಸೈಕಲ್ಲಾದರೆ ತಳ್ಳಬೇಕು. ಇದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಬರೆದಿದ್ದ ಕಾನೂನು ಇದಕ್ಕೆ ತದ್ವಿರುದ್ಧವಾಗಿಯೇ ಇತ್ತು, ಆದರೆ ಅದು ದಿಲ್ಲಿಯಲ್ಲಿತ್ತು, ಕಟ್ಟೆ ಇಲ್ಲಿತ್ತು. ಗಾಳೆಪ್ಪನ ಅಪ್ಪ ಅಂಬಪ್ಪ ಜೀವಮಾನವಿಡೀ ಅಲ್ಲಿ ಇಳಿದವನು.

ಗಾಳೆಪ್ಪ ನೌಕರಿ ಹಿಡಿದ. ಮನೆಯ ಗೋಡೆಗೆ ಬುದ್ಧನ ಪಟ, ಬಾಬಾಸಾಹೇಬರ ಪಟ ಹಾಕಿದ. ಬುಲೆಟ್ ಕೊಂಡ. ಹೊಸ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಈ ಸಲ ಕಟ್ಟೆಯ ಮುಂದೆ ಡಬಡಬ ಎಂದು ಹಾದುಹೋಗುವುದೇ ಸೈ ಎಂದು ಊರಿಗೆ ಹೊರಟ. ಕಟ್ಟೆ ಹತ್ತಿರ ಬಂದಾಗ ಏನಾಯಿತೋ, ಅವನ ಕಾಲು ತನ್ನಷ್ಟಕ್ಕೇ ನೆಲಕ್ಕೆ ಇಳಿಯಿತು. ಎಂಜಿನ್ ಬಂದ್ ಆಯಿತು. ಗೌಡರು ಇಳಿ ಅನ್ನಲೂ ಇಲ್ಲ, ಪಾಪ, ಅವರು ಕಣ್ಣು ಮುಚ್ಚಿ ಗಡ್ಡ ಕೆರೆಸಿಕೊಳ್ಳುತ್ತಿದ್ದರು. ಬಸ್ಸಮ್ಮ ಲಿಂಗಸುಗೂರು ಪೇಟೆಯಲ್ಲಿ ಬೆಳೆದವಳು, ಅವಳಿಗೆ ಆಗ ಈ ರಿವಾಜು ಗೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಹಾಗೇ ಕೂತಿದ್ದಳು. ಗಾಳೆಪ್ಪ ಬುಲೆಟ್ಟನ್ನೂ ಅದರ ಮೇಲಿದ್ದ ಹೆಂಡತಿಯನ್ನೂ ಸೇರಿಸಿ ಕೇರಿಯತನಕ ತಳ್ಳಿದ.

"ಯಾಕ, ಪೆಟ್ರೋಲ್ ಮುಗೀತೇನು?" ಎಂದು ಅವಳು ಕೇಳಿದ್ದಳು. ಆ ಪ್ರಶ್ನೆಯನ್ನು ಅವನಿಂದ ಮರೆಯಲಾಗಲಿಲ್ಲ.

ಡಾಟ್ಸನ್ ಕಂಡಾಗ ಅವನಿಗೆ ಹೊಳೆದದ್ದು ಇಷ್ಟೆ. ಕಾರಿನೊಳಗೆ ಕೂತವನ ಕಾಲು ತನ್ನಷ್ಟಕ್ಕೇ ನೆಲಕ್ಕೆ ಎಟಕುವುದಿಲ್ಲ. ಅಂಬಾಸಿಡರ್ ಆದರೆ ಗೌಡರ ಮನೆಯಲ್ಲೂ ಇತ್ತು, ಅದರಲ್ಲಿ ಯಾರು ಕೂರಬೇಕು, ಯಾರು ಬಾಗಿಲು ತೆಗೆಯಬೇಕು ಎಂಬುದೆಲ್ಲ ಊರಿಗೆ ಗೊತ್ತಿತ್ತು. ಇಂಥ ಕಾರಿಗೆ ಮಾತ್ರ ಯಾವ ಕಟ್ಟೆಯ ಬಳಿಯೂ ಕಟ್ಟಳೆ ಇರಲಿಲ್ಲ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಟ್ಟೆಯ ಮುಂದೆ ಇಬ್ಬರೂ ಇಳಿಯದೆ ಒಂದೇ ಒಂದು ಸಲ ಹಾದುಹೋಗಬೇಕು. ಆಮೇಲೆ ಕಾರು ಮತ್ತೆ ಕೋಳಿಗೂಡಾದರೂ ಚಿಂತೆಯಿರಲಿಲ್ಲ.

ರಿಪೇರಿಗೆ ಲಿಂಗಸುಗೂರಿನ ದಸ್ತಗೀರ್‌ಸಾಬನೇ ಗತಿ. ಲಾರಿ, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಏನು ತಂದರೂ ಆಗುವುದಿಲ್ಲ ಎಂದವನಲ್ಲ. ಆಗದಿದ್ದಾಗಲೂ ಅನ್ನುತ್ತಿರಲಿಲ್ಲ. ಅವನ ಗ್ಯಾರೇಜಿನ ಹಿಂದೆ ಅಂಥ ಆಗದ ಗಾಡಿಗಳದೇ ಒಂದು ಓಣಿ ಇತ್ತು.

"ಇಂಜಿನ್ ಅಂದ್ರ ಇಂಜಿನ್ನರೀ," ಎಂದ ದಸ್ತಗೀರ್‌ಸಾಬ್ ಬಾನೆಟ್ ಎತ್ತಿ. "ಜಪಾನಿಂದಿರಲಿ, ಜಮಖಂಡಿದಿರಲಿ. ಫಿಕರ್ ಬಿಡ್ರಿ."

ಫಿಕರ್ ಬಿಟ್ಟಿದ್ದರಿಂದಲೇ ಮೂರು ವರ್ಷ ಹಿಡಿಯಿತು. ತಳದ ತಗಡು ತುಕ್ಕು ಹಿಡಿದು ಹಪ್ಪಳವಾಗಿತ್ತು. ಶೇಂಗಾ ಎಣ್ಣೆಯ ಡಬ್ಬಿಗಳನ್ನು ಬಿಚ್ಚಿ ಬೆಸುಗೆ ಹಾಕಿದರು, ಬಿಸಿಲಿಗೆ ನಿಲ್ಲಿಸಿದರೆ ಕಾರಿನೊಳಗೆ ಯಾರೋ ಮಿರ್ಚಿ ಕರಿಯುತ್ತಿರುವ ವಾಸನೆ ಬರುತ್ತಿತ್ತು. ಬ್ರೇಕಿಗೆ ಜೀಪಿನ ವಾಷರ್ ಉಜ್ಜಿ ಉಜ್ಜಿ ಕೂರಿಸಿದರು. ಸೀಟುಗಳನ್ನು ಮಸ್ಕಿಯಲ್ಲಿ ಬಂಡಿಯ ಗಾದಿ ಹೊಲಿಯುವವನು ಹೊಲಿದುಕೊಟ್ಟ, ಅಂಚಿಗೆ ಕುಚ್ಚನ್ನೂ ಹಚ್ಚಿದ. ಬಣ್ಣಕ್ಕೆಂದು ಸಿಂಧನೂರಿಗೆ ಹೋದರೆ ಅಲ್ಲಿ ಸಿಕ್ಕಿದ್ದು ಟ್ರ್ಯಾಕ್ಟರಿನ ಕೆಂಪು ಮಾತ್ರ. ಬಸ್ಸಮ್ಮನ ಒಂದು ಇಳಕಲ್ ಸೀರೆ ಪಾಲಿಶ್ ಬಟ್ಟೆಯಾಯಿತು. ಅದು ಹಳೆಯದೆಂದು ಗಾಳೆಪ್ಪ, ಅಲ್ಲವೆಂದು ಅವಳು ಇವತ್ತಿಗೂ ವಾದಿಸುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಕಾರ್ಬುರೇಟರುಗಳು. ಎರಡಿದ್ದವು, ಎರಡೂ ಒಂದೇ ಸಮ ಉಸಿರಾಡಬೇಕು. ಒಂದಕ್ಕೆ ಗಾಳೆಪ್ಪ, ಇನ್ನೊಂದಕ್ಕೆ ದಸ್ತಗೀರ್‌ಸಾಬ್ ರಬ್ಬರಿನ ನಳಿಗೆ ಕಿವಿಗೆ ಹಚ್ಚಿ ಕೂರುತ್ತಿದ್ದರು.

"ನಂದು ಹಾಡಾಕತ್ತೈತ್ರಿ!" ಎನ್ನುತ್ತಿದ್ದ ಗಾಳೆಪ್ಪ.

"ನಂದು ಕೆಮ್ಮಾಕತ್ತೈತಿ. ನಿನ್ನ ಹಾಡು ಸ್ವಲ್ಪ ಕಡಿಮಿ ಮಾಡು."

ಭಾನುವಾರವೆಂದರೆ ಇದೇ ಆಗಿತ್ತು. ಕೊನೆಗೆ ತೊಂಬತ್ತೊಂದರ ದೀಪಾವಳಿಯ ಆಸುಪಾಸಿಗೆ ಎರಡೂ ಒಟ್ಟಿಗೆ ಹಾಡಿದವು. ಆರು ಸಿಲಿಂಡರು ಸೇರಿ ತೆಗೆದ ಆ ಗುರ್ರೆನ್ನುವ ದನಿಗೆ ಗಾಳೆಪ್ಪನ ಮೈ ಜುಮ್ಮೆಂದಿತು. ದಸ್ತಗೀರ್‌ಸಾಬನನ್ನು ಅಪ್ಪಿಕೊಂಡು ಇಬ್ಬರೂ ಗ್ರೀಸು ಗ್ರೀಸಾದರು.

ಆದರೆ ಅದೇ ದಿನ ಸ್ಟೇರಿಂಗ್ ಹಿಡಿದು ಪೇಟೆಯಲ್ಲಿ ಒಂದು ಸುತ್ತು ಹೊಡೆದಾಗ ಆ ಖುಷಿ ಉಳಿಯಲಿಲ್ಲ. ಪಕ್ಕದಲ್ಲಿ ಬಂದ ಬಸ್ಸಿನ ಗಾಲಿ ಮಾತ್ರ ಕಂಡಿತು, ಬಸ್ಸು ಕಾಣಲಿಲ್ಲ. ಚಹಾ ಅಂಗಡಿಯ ಮುಂದೆ ನಿಲ್ಲಿಸಿದರೆ ಒಂದು ಹೋತ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿ ಹೋಯಿತು. ಮೂರು ವರ್ಷ ತುಕ್ಕು, ಗ್ರೀಸು, ಬಣ್ಣ ಎಂದು ಒದ್ದಾಡಿದವನಿಗೆ ಇದೊಂದು ಹೊಳೆದೇ ಇರಲಿಲ್ಲ. ಗೌಡರ ಕಟ್ಟೆ ಎದೆಮಟ್ಟದ ಕಟ್ಟೆ. ಅದರ ಮುಂದೆ ಈ ಕಾರಿನಲ್ಲಿ ಹೋದರೆ ಗೌಡರ ಹಿಮ್ಮಡಿಯ ಬಿರುಕು ಎಣಿಸಿಕೊಂಡು ಹೋಗಬೇಕು.

"ಸಾಬ್ರ, ಇದನ್ನ ಎತ್ತರ ಮಾಡ್ರಿ," ಎಂದ.

ಬೇರೆ ಯಾರಾದರೂ ಬೇಡ ಅನ್ನುತ್ತಿದ್ದರು. ದಸ್ತಗೀರ್‌ಸಾಬ್ ಬರೋಬರ್ ಎಂದ. ನಾಲ್ಕೂ ಸ್ಪ್ರಿಂಗಿನ ಕೆಳಗೆ ಜಾಲಿಯ ಕೊರಡು ಇಟ್ಟು, ಲಾರಿ ಪಟ್ಟಿಯಿಂದ ಬಿಗಿದು, ಗಾಡಿಯನ್ನು ಗೇಣಿಗಿಂತ ಹೆಚ್ಚು ಎತ್ತಿದ. ಡಾಟ್ಸನ್ ತುದಿಗಾಲ ಮೇಲೆ ನಿಂತಿತು. ಗಾಳೆಪ್ಪ ಖುಷಿಯಾಗಿ ಮಸ್ಕಿಯ ಕಡೆ ಬಿಟ್ಟ. ಮೊದಲ ತಿರುವಿನಲ್ಲೇ ಕಾರು ಎರಡು ಗಾಲಿಯ ಮೇಲೆ ಒಂದಿಷ್ಟು ದೂರ ಯೋಚನೆ ಮಾಡುತ್ತ ಹೋಗಿ, ರಸ್ತೆ ಬಿಟ್ಟು ಜೋಳದ ಹೊಲಕ್ಕೆ ಇಳಿಯಿತು. ಹೊಲದ ಮುದುಕಪ್ಪ ಎತ್ತು ಹೂಡಿ ಎಳೆದುಕೊಟ್ಟ. ಬಗ್ಗಿ ಗಾಡಿಯ ಕೆಳಗೆ ನೋಡಿ, "ಇದಕ್ಕ ಮರಗಾಲು ಕಟ್ಟಿದವ ಯಾವನಪಾ?" ಎಂದು ಕೇಳಿದ. ಗಾಳೆಪ್ಪ ಮುದುಕಪ್ಪನ ಎತ್ತುಗಳನ್ನು ಹೊಗಳಿ ಮಾತು ಮರೆಸಿದ.

ಆವತ್ತು ಮನೆಯಲ್ಲಿ ಅವನು ಊಟ ಬಿಟ್ಟು ಕೂತ. ಬಸ್ಸಮ್ಮ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

"ಎತ್ತರ ಬೇಕಿತ್ತಂದ್ರ ಲಾರಿ ತರಬೇಕಿತ್ತು," ಎಂದಳು. "ಗಾಡಿ ಎಷ್ಟು ಎತ್ತರ ಐತಿ ಅಂತ ಯಾರು ಕೇಳ್ಯಾರ? ನೆಲದ ಮ್ಯಾಲ ತೆವಳಿಕೋಂತ ಹೋದರೂ ಸೈ, ಇಳೀಬ್ಯಾಡ. ಅಷ್ಟ ಐತಿ."

ಕೊರಡುಗಳು ಹೊರಬಂದವು. ಅವನ್ನು ಅವಳು ಒಲೆಗೆ ಹಾಕಿದಳು.

ಅಪ್ಪ ಅಂಬಪ್ಪ ಆಗ ಹಟ್ಟಿಯಲ್ಲೇ ಇದ್ದ, ಕಣ್ಣಿನ ಆಪರೇಶನ್ನಿಗೆಂದು ಬಂದು ಮಗನ ಮನೆಯಲ್ಲಿ ಉಳಿದಿದ್ದ. ಅವನನ್ನು ಊರಿಗೆ ಬಿಡುವ ದಿನ ಬಂತು. ಮುದುಕನನ್ನು ಕಾರಿನೊಳಗೆ ಕೂರಿಸುವುದೇ ಒಂದು ಕೆಲಸವಾಯಿತು. ಮೊದಲು ತಲೆ ಹಾಕಿದ, ಆಮೇಲೆ ಕಾಲು ಹಾಕಿದ, ಕೊನೆಗೆ ಬೆನ್ನು ತಿರುಗಿಸಿ ದೊಪ್ಪನೆ ಬಿದ್ದ. ಕಪ್ಪು ಕನ್ನಡಕ ಹಾಕಿಕೊಂಡು ಕೂತವನನ್ನು ನೋಡಿ ಕ್ವಾರ್ಟರ್ಸಿನವರು ಚಪ್ಪಾಳೆ ಹೊಡೆದರು.

"ಎರಡ ಸೀಟು ಅಂತ ನಾ ಉಳಿದೀನಿ," ಎಂದಳು ಬಸ್ಸಮ್ಮ ಗಂಡನಿಗೆ. "ಅಲ್ಲಿ ಇಳಿದಿ ಅಂದ್ರ ಈ ಮನೀ ಕಡೆ ಬರಬ್ಯಾಡ."

ದಾರಿಯುದ್ದಕ್ಕೂ ಗಾಳೆಪ್ಪ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡ. ಗೌಡರು ಏನಾದರೂ ಅಂದರೆ ಏನು ಹೇಳಬೇಕು ಎಂಬುದನ್ನು ಮೂರು ವರ್ಷದಿಂದ ತಿದ್ದುತ್ತ ಬಂದಿದ್ದ. ಅದರಲ್ಲಿ ಸಂವಿಧಾನವಿತ್ತು, ಬುದ್ಧನಿದ್ದ, ಕೊನೆಯಲ್ಲಿ ಎರಡು ಬೈಗುಳವೂ ಇದ್ದವು. ಊರ ಅಗಸೆ ಬಾಗಿಲು ದಾಟಿದಾಗ, "ಇಳೀಬೇಕಲ್ಲೋ?" ಎಂದು ಅಪ್ಪ ಮೆಲ್ಲಗೆ ಕೇಳಿದ.

"ಬ್ಯಾಡಪ. ಸುಮ್ನ ಕುಂದ್ರು."

ಹಾದುಹೋಗಿಬಿಡಬಹುದಿತ್ತು. ಆದರೆ ಕೆಂಪು ಗಾಡಿಯ ದನಿ ಕೇಳಿ ಆದೆಪ್ಪಗೌಡರು ತಾವೇ ಕಟ್ಟೆಯಿಂದ ಇಳಿದು, ಬಸ್ಸಿಗೆ ಕೈ ಮಾಡುವಂತೆ ಕೈ ಮಾಡಿ, ದಾರಿಗೆ ಅಡ್ಡ ನಿಂತರು. ಗಾಳೆಪ್ಪ ಬ್ರೇಕ್ ಒತ್ತಿದ. ಜೀಪಿನ ವಾಷರ್ ಕೆಲಸ ಮಾಡಿತು.

ಗೌಡರು ಅಪ್ಪನ ಕಡೆಯ ಕಿಟಕಿಗೆ ಬಂದರು. ನಿಂತರೆ ಅವರಿಗೆ ಕಾರಿನ ಚಾವಣಿ ಬಿಟ್ಟು ಏನೂ ಕಾಣಲಿಲ್ಲ. ಬಾಗಿದರು. ಅದೂ ಸಾಲದೆ ಮೊಣಕಾಲ ಮೇಲೆ ಎರಡೂ ಕೈಯೂರಿ ಇನ್ನಷ್ಟು ಬಾಗಿದರು. ಅವರ ಹಿಂದೆ ಕಟ್ಟೆಯ ಮೇಲಿದ್ದವರೆಲ್ಲ ಬಂದು ಸಾಲಾಗಿ ಸೊಂಟ ಬಗ್ಗಿಸಿ ನಿಂತರು. ಊರಿನ ದೊಡ್ಡವರೆಲ್ಲ ಹೀಗೆ ನಡು ಬಗ್ಗಿಸಿದ್ದನ್ನು ಗಾಳೆಪ್ಪ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆ ಜಾಲಿ ಕೊರಡನ್ನು ಒಲೆಗೆ ಹಾಕಿದ ಹೆಂಡತಿಯ ಮೇಲೆ ಅವನಿಗೆ ಎಲ್ಲಿಲ್ಲದ ಪ್ರೀತಿ ಬಂತು.

"ಭಾರಿ ಐತಲ್ಲಲೇ!" ಎಂದರು ಗೌಡರು. "ಯಾವೂರಿಂದಿದು?"

"ಜಪಾನಿಂದ್ರಿ," ಎಂದ ಗಾಳೆಪ್ಪ.

"ಎರಡ ಸೀಟು?"

"ಎರಡ ರಿ."

ಗೌಡರು ಒಳಗೆಲ್ಲ ಕಣ್ಣಾಡಿಸಿ, ಸೀಟಿನ ಕುಚ್ಚು ಮುಟ್ಟಿ ನೋಡಿ, "ಅಂಬ್ಯಾ, ಒಂಚೂರು ಇಳಿ," ಎಂದರು. "ನಾ ಒಂದು ಸುತ್ತು ಹೋಗಿ ಬರ್ತೀನಿ."

ಸಿಟ್ಟಿನಿಂದ ಹೇಳಲಿಲ್ಲ. ಬೀಡಿಗೆ ಬೆಂಕಿ ಕೇಳಿದಷ್ಟು ಸಲೀಸಾಗಿ ಹೇಳಿದರು. ಸಿಟ್ಟು ಮಾಡಿದ್ದರೆ ಗಾಳೆಪ್ಪನ ಹತ್ತಿರ ಮಾತು ಸಿದ್ಧವಿತ್ತು. ಇದಕ್ಕೆ ಇರಲಿಲ್ಲ. ಸಂವಿಧಾನ, ಬುದ್ಧ, ಬೈಗುಳ, ಎಲ್ಲವೂ ಒಟ್ಟಿಗೆ ಎತ್ತಲೋ ಹೋದವು. ಎಷ್ಟು ಅಸಹ್ಯವಾಯಿತೆಂದರೆ, ಈಗಲೇ ಈ ಎಂಜಿನ್ನಿಗೆ ತಾನೇ ಸುತ್ತಿಗೆ ಹಾಕಬೇಕು ಅನ್ನಿಸಿತು. ಪಕ್ಕದಲ್ಲಿ ಅಪ್ಪನ ಕೈ ಬಾಗಿಲಿನ ಹಿಡಿಕೆಯ ಮೇಲೆ ಹೋಗಿದ್ದು ಕಂಡಿತು.

ಅಂಬಪ್ಪ ಕಪ್ಪು ಕನ್ನಡಕ ತೆಗೆದ. ಆಪರೇಶನ್ ಆದ ಕಣ್ಣಿನಿಂದ ಗೌಡರ ಮುಖವನ್ನು ನೋಡಿದ. ಅಷ್ಟು ಹತ್ತಿರದಿಂದ, ಅದೂ ನೇರಕ್ಕೆ ನೇರ, ಅವನು ಆ ಮುಖವನ್ನು ನೋಡಿದ್ದೇ ಇಲ್ಲ. ತಂಬಾಕಿನ ಹಲ್ಲು, ಕಿವಿಯೊಳಗಿನ ಬಿಳಿ ಕೂದಲು, ಬಾಗಿ ಬಾಗಿ ಕೆಂಪಗಾದ ಕೆನ್ನೆ, ಎಲ್ಲವನ್ನೂ ಸಾವಕಾಶವಾಗಿ ನೋಡಿದ.

"ಆಗಾಂಗಿಲ್ರಿ ಗೌಡ್ರ," ಎಂದ. "ಇದು ಹತ್ತಾಕ ತ್ರಾಸ, ಇಳ್ಯಾಕ ಇನ್ನಾ ತ್ರಾಸ. ನನ್ನ ಮೊಣಕಾಲು ಒಲ್ಲೆ ಅಂತಾವ."

ಗೌಡರು ಹೂಂಗುಟ್ಟಿದರು. ಅಲ್ಲಿಗೆ ಮುಗಿಯಬಹುದಿತ್ತು, ಎಲ್ಲರ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಅಂಬಪ್ಪ ಹಿಡಿಕೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮೊಣಕಾಲು ಛಲೋ ಇದ್ದಿದ್ರೂ ಇಳೀತಿದ್ದಿಲ್ರಿ," ಎಂದ. "ಗಾಳ್ಯಾ, ನಡಿ."

ಗಾಳೆಪ್ಪ ಗೇರ್ ಹಾಕಿದ್ದು ಅವನಿಗೇ ತಿಳಿಯಲಿಲ್ಲ. ಬಾಗಿದ್ದವರು ನಡು ಹಿಡಿದುಕೊಂಡು ಹಿಂದೆ ಸರಿದರು. ಕಾರು ಕಟ್ಟೆ ದಾಟಿತು, ಹನುಮಪ್ಪನ ಗುಡಿ ದಾಟಿತು, ಕೇರಿಯನ್ನೂ ದಾಟಿ ಹೊಲದ ದಾರಿಗೆ ಬಂದುಬಿಟ್ಟಿತು. ಅವನಿಗೆ ದಾರಿ ಕಾಣುತ್ತಿರಲಿಲ್ಲ, ಕಣ್ಣು ತುಂಬಿತ್ತು. ಬೇವಿನ ಮರದ ಕೆಳಗೆ ನಿಲ್ಲಿಸಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಮೂರು ವರ್ಷ ಒದ್ದಾಡಿದ್ದು ತಾನು, ದಾಟಿಸಿದ್ದು ಅಪ್ಪ. ಅದನ್ನು ಅಪ್ಪನಿಗೆ ಹೇಳಬೇಕೆಂದು ತಿರುಗಿದ.

ಅಂಬಪ್ಪ ಕೂತಲ್ಲೇ ಹಿಂದಕ್ಕೆ ತಿರುಗಿ ಊರನ್ನು ನೋಡುತ್ತಿದ್ದ.

"ಗಾಡಿ ತಿರುಗಿಸೋ," ಎಂದ.

"ಮನೀಗೇನಪ?"

"ಮನೀ ಎಲ್ಲಿ ಓಡಿ ಹೋಗ್ತೈತಿ? ಕಟ್ಟಿ ಮುಂದ ಇನ್ನೊಮ್ಮೆ ಹೋಗೂಣು. ಈ ಸಲ ಸಾವಕಾಶ ಹೊಡಿ. ಹೋದ ಸಲ ಹೆದರಿಕಿಯೊಳಗ ನಾ ಏನೂ ಬರೋಬರ್ ನೋಡಲಿಲ್ಲ."