ಯಮುನಳ ಹಣೆಯ ಕೆಂಪು

ಹೆಂಡತಿ ಯಮುನ ಹೋದಳೆಂಬ ಸುದ್ದಿ ಆಸ್ಪತ್ರೆಯಿಂದ ಬಂದಾಗ ಬೋಜಪ್ಪ ಕಾಫಿ ಗಿಡದ ರೆಂಬೆಯೊಂದನ್ನು ಬಗ್ಗಿಸಿ ಹಿಡಿದು, ಹಣ್ಣು ಯಾವುದು ಕಾಯಿ ಯಾವುದು ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಹುಟ್ಟಿನಿಂದಲೇ ಅವರ ಕಣ್ಣಿಗೆ ಕೆಂಪು, ಹಸಿರು ಎಂಬ ಭೇದವಿಲ್ಲ. ಅದು ಹೆಂಡತಿಗೊಬ್ಬಳಿಗೇ ಗೊತ್ತಿತ್ತು. ಕಾಫಿ ಹಣ್ಣು ಕುಯ್ಯುವ ಹೊತ್ತಿಗೆ ಅವಳು ಪಕ್ಕದಲ್ಲೇ ನಿಂತು, "ಅದು ಕಾಯಿ, ಬಿಡಿ ಮಾರಾಯರೇ! ಇಷ್ಟು ದೊಡ್ಡ ಕಣ್ಣು ದೇವರು ನಿಮಗೆ ಎಂತಕ್ಕೆ ಕೊಟ್ಟನೋ" ಎಂದು ಪಿಸುಗುಟ್ಟಿ ನಗುತ್ತಿದ್ದಳು. ಫೋನು ಕಿವಿಯಲ್ಲಿದ್ದಂತೆಯೇ ರೆಂಬೆ ಕೈಜಾರಿತು.

ಉತ್ತರಕ್ರಿಯೆಯ ಕರೆಯೋಲೆಯನ್ನು ಈಗ ಫೋನಿನಲ್ಲೇ ಕಳಿಸುವುದು ರೂಢಿ. ಮೂರ್ನಾಡಿನ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕವನಾ ನೆರೆಮನೆಯ ಹುಡುಗಿ, ಯಮುನಳ ಕೈತುತ್ತು ತಿಂದು ಬೆಳೆದವಳು. ಹಲಸಿನ ಮರದ ನೆರಳಲ್ಲಿ ತೆಗೆದಿದ್ದ ಆಕೆಯ ಫೋಟೋವನ್ನು ಹಸಿರು ಹಿನ್ನೆಲೆಯ ಮೇಲೆ ಕೂರಿಸಿ, ಕೆಳಗೆ ಕೆಂಪಕ್ಷರದಲ್ಲಿ ಹೆಸರು ಬರೆದು ಅವರಿಗೆ ತೋರಿಸಿದಳು.

ಬೋಜಪ್ಪ ನೋಡಿದರು. ಮತ್ತೆ ನೋಡಿದರು.

"ಬೊಟ್ಟು ಯಾಕೆ ಅಳಿಸಿದ್ದು ಮಗಾ? ಮುತ್ತೈದೆಯಾಗಿ ಹೋದವಳಲ್ಲವಾ ಅವಳು? ಹೆಸರೂ ಹಾಕಿಲ್ಲ."

"ಎಂತ ಮಾವ, ಎರಡೂ ಇಲ್ಲೇ ಉಂಟಲ್ಲ, ಕೆಂಪಗೆ! ಬಣ್ಣದ ಚಕ್ರದಲ್ಲಿ ಹಸಿರಿಗೆ ಎದುರು ಕೂರುವುದು ಕೆಂಪು. ಹತ್ತಿರ ಇಟ್ಟರೆ ಒಂದನ್ನೊಂದು ಎತ್ತಿ ತೋರಿಸ್ತವೆ. ಕನ್ನಡಕ ಮರೆತು ಬಂದಿರಾ?"

ಕನ್ನಡಕ ಮೂಗಿನ ಮೇಲೆಯೇ ಇತ್ತು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈ ಹುಡುಗಿಗೆ ಹೇಳುವುದು ಹೇಗೆ? ಹೇಳದಿದ್ದರೆ ಬರಿಹಣೆಯ ಯಮುನಳನ್ನೇ ಮನೆಯ ಗೋಡೆಗೆ ಹಾಕುವ ಫೋಟೋದಲ್ಲೂ ನೋಡುತ್ತಾ ಇರಬೇಕು.

"ಕೆಂಪು ನನಗೆ ಕಾಣುವುದಿಲ್ಲ ಕವನಾ. ನಿನ್ನ ಅತ್ತೆ ಯಾವುದನ್ನು ಕೆಂಪು ಅಂದಳೋ ಅದೇ ನನಗೆ ಕೆಂಪು."

ಕವನಾ ನಗಲಿಲ್ಲ. ಚಿತ್ರದ ಬಣ್ಣವನ್ನೆಲ್ಲ ತೆಗೆದು ಬೂದು ಮಾಡಿ ನೋಡಿದಳು. ಬೊಟ್ಟು ಹಣೆಯಲ್ಲಿ ಕರಗಿಹೋಯಿತು. ಹೆಸರು ಹಿನ್ನೆಲೆಯಲ್ಲಿ ಮುಳುಗಿಹೋಯಿತು.

"ಅಯ್ಯೋ! ತಪ್ಪು ನನ್ನದೇ ಮಾವ. ಬಣ್ಣ ಬೇರೆ ಬೇರೆ ಆದರೆ ಸಾಕು ಅಂದುಕೊಂಡೆ. ತಿಳಿ, ಗಾಢ ಎರಡೂ ಒಂದೇ ಸಮ ಆಗಿಬಿಟ್ಟಿದೆ. ಬಣ್ಣ ಗೊತ್ತಾಗದವರಿಗೂ ಬೆಳಕು ಎಲ್ಲಿ, ನೆರಳು ಎಲ್ಲಿ ಅಂತ ಗೊತ್ತಾಗ್ತದೆ. ತಡೆಯಿರಿ."

ಮುಖದ ಮೇಲೆ ಬಿದ್ದಿದ್ದ ಮರದ ನೆರಳನ್ನು ಅವಳು ಮೆಲ್ಲಗೆ ತಿಳಿಗೊಳಿಸಿದಳು. ಕುಂಕುಮದ ಕೆಂಪನ್ನು ಗಾಢ ಮಾಡಿದಳು. ಹಸಿರಿನ ಹೊಳಪು ತಗ್ಗಿಸಿ ಕಪ್ಪಿನತ್ತ ಸರಿಸಿ, ಹೆಸರನ್ನು ಹಾಲಿನ ಬಣ್ಣಕ್ಕೆ ತಂದಳು.

"ಈಗ?"

ಬೋಜಪ್ಪ ಮುಂದಕ್ಕೆ ಬಾಗಿದರು. ತಿಳಿಯಾದ ಹಣೆಯ ನಡುವೆ ದುಂಡನೆಯ ಬೊಟ್ಟು ಕೂತಿತ್ತು, ಅವಳು ದಿನವೂ ಮಿಂದು ಬಂದು ಇಟ್ಟುಕೊಳ್ಳುತ್ತಿದ್ದ ಹಾಗೆಯೇ.

"ಕಂಡಿತು... ಕೆಂಪಗೇ ಉಂಟಲ್ಲವಾ?"

"ಕೆಂಪಗೇ ಉಂಟು ಮಾವ. ಚೆನ್ನಾಗಿ ಹಣ್ಣಾದ ಕಾಫಿಯ ಹಾಗೆ."

"ಹಾಗಾದರೆ ಕುಯ್ಯಬಹುದು," ಎಂದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಆ ಬೊಟ್ಟಿಗೆ ಎರಡೂ ಕೈ ಜೋಡಿಸಿದರು.

"ಅಮ್ಮಾ ಕಾವೇರಿ, ನನ್ನ ಕಣ್ಣಾಗಿ ಬಾಳಿದವಳು ನಿನ್ನ ಮಡಿಲಿಗೆ ಬಂದಿದ್ದಾಳೆ. ದಣಿದ ಜೀವ ತಾಯೀ, ತಂಪಾಗಿ ಮಲಗಿಸಿಕೋ. ಅವಳ ಆತ್ಮಕ್ಕೆ ಶಾಂತಿ ಕೊಡು."