ಇಪ್ಪತ್ತೊಂದು ಬಾಯಿಯ ಅಜ್ಜಿ

ಅಜ್ಜಿಗೆ ಮೂಗು ಒಂದೇ, ಕಣ್ಣು ಎರಡೇ, ಬಾಯಿ ಮಾತ್ರ ಇಪ್ಪತ್ತೊಂದು. ಸಾಮಾನ್ಯವಾಗಿ ಕಾರ್ಟೂನ್ ಗೊಂಬೆಗಳು ಮಾತಿಗೆ ತಕ್ಕಂತೆ ಬದಲಿಸುವ ಎಂಟು ಬಾಯಿಯಲ್ಲೇ ಸಂಸಾರ ತೂಗಿಸುತ್ತವೆ. ಸ್ಟುಡಿಯೋದ ಯಜಮಾನರ ಪ್ರಕಾರ ಐದಾದರೂ ಧಾರಾಳ. "ಬಾಯಿ ಆಡ್ತಾ ಇದ್ರೆ ಸಾಕಮ್ಮ, ತುಟಿ ಯಾರು ನೋಡ್ತಾರೆ?" ಎಂದು ಎರಡು ತಿಂಗಳಿಂದ, ಅಜ್ಜಿಯನ್ನು ಬರೆದು ಆಡಿಸುವ ಚುಕ್ಕಿಯ ತಲೆ ತಿನ್ನುತ್ತಿದ್ದರು.

ಈ ಸಲ ನೋಡುವವರಿದ್ದರು. ಮೂರು ನಿಮಿಷದ ಈ ಚಿತ್ರ ನಾಳೆ ಬೆಳಿಗ್ಗೆ ಕಿವಿ ಕೇಳದ ಮಕ್ಕಳ ಶಾಲೆಗೆ ಹೋಗಬೇಕು. ಕೆಳಗೆ ಅಕ್ಷರ ಹಾಕೋಣವೆಂದರೆ ಪುಟ್ಟ ತರಗತಿಯವರಿಗೆ ಇನ್ನೂ ಓದಲು ಬಾರದು. ತುಟಿ ನೋಡಿ ಮಾತು ಹಿಡಿಯಲು ಮಾತ್ರ ಕಲಿಯುತ್ತಿದ್ದಾರೆ. ಅಲ್ಲಿ ಹೊಲಿಗೆ ಕಲಿಸುವವಳು ಚುಕ್ಕಿಯ ಒಡಹುಟ್ಟಿದ ಅಕ್ಕ. ಒಂಬತ್ತನೆಯ ವಯಸ್ಸಿಗೆ ಜ್ವರ ಬಂದು ಕಿವಿ ಹೋದರೂ ಮಾತು ಉಳಿಸಿಕೊಂಡವಳು, ಎದುರಿನವರ ತುಟಿಯ ಮೇಲೆ ಕಣ್ಣಿಟ್ಟೇ ಮೂವತ್ತು ವರ್ಷ ವ್ಯವಹಾರ ನಡೆಸಿದವಳು. ಅವಳಿಗೆ ಅರ್ಥವಾದರೆ ಚಿತ್ರ ಹೊರಡುತ್ತದೆ. ಆಗದಿದ್ದರೆ ಕೆಳಗೆ ಅಕ್ಷರದ ಪಟ್ಟಿ ಬೀಳುತ್ತದೆ, ಇನ್ನು ಮುಂದೆ ಯಾವ ಗೊಂಬೆಗೂ ಐದೇ ಬಾಯಿ. ಯಜಮಾನರೊಂದಿಗೆ ಒಪ್ಪಂದ ಹಾಗಾಗಿತ್ತು.

ಮಧ್ಯಾಹ್ನ ಮೂರಕ್ಕೆ ಅಕ್ಕ ಬಂದು, ತಿರುಗುವ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಯಜಮಾನರು ಹಿಂದೆ ನಿಂತರು. ಚುಕ್ಕಿ ಚಿತ್ರ ಹಾಕಿದಳು. ಪರದೆಯ ಮೇಲೆ ಅಜ್ಜಿ ಬಾಗಿಲು ತೆರೆದು ಮಕ್ಕಳನ್ನು ಕರೆದಳು, ಗದರಿದಳು, ಮುದ್ದು ಮಾಡಿದಳು. ಒಂದು ನಿಮಿಷವೂ ಆಗಿರಲಿಲ್ಲ, ಅಕ್ಕ ಕೈ ಎತ್ತಿದಳು.

"ನಿಲ್ಸೇ. ಒಂದಕ್ಷರ ತಿಳೀತಿಲ್ಲ ನನಗೆ. ಯಾವ ಭಾಷೆ ಕಣೇ ಈ ಮುದುಕೀದು?"

"ನಾನು ಬಡ್ಕೊಂಡೆ" ಎಂದರು ಯಜಮಾನರು, ಫೋನು ಕಿವಿಗಿಟ್ಟುಕೊಂಡು ಹೊರಗೆ ನಡೆದರು.

ಚುಕ್ಕಿ ಚಿತ್ರ ನಿಲ್ಲಿಸಿದಳು. ಆರುನೂರಕ್ಕೂ ಹೆಚ್ಚು ಕಡೆ ಬಾಯಿ ಬದಲಿಸಿದ್ದಳು, ಕನ್ನಡಿಯ ಮುಂದೆ ಕೂತು ತನ್ನದೇ ತುಟಿ ನೋಡಿಕೊಂಡು. ಕೆಲಸ ಮಣ್ಣುಪಾಲಾಗಿದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಇಷ್ಟು ವರ್ಷ ಜೊತೆಗೆ ಬೆಳೆದೂ ಅಕ್ಕ ನೋಡುವುದು ಏನನ್ನು ಎಂದೇ ತನಗೆ ಗೊತ್ತಿಲ್ಲವೇ? ಕಣ್ಣು ತುಂಬಿದರೂ ಮುಖ ಆಚೆ ತಿರುಗಿಸುವಂತಿರಲಿಲ್ಲ. ತಿರುಗಿಸಿದರೆ ಅಕ್ಕನಿಗೆ ಮಾತು ಸಿಗುವುದಿಲ್ಲ.

"ಅಳಬೇಡ್ವೇ. ಮೊದಲ ಮಾತು ಏನದು? ನೀನು ಹೇಳು."

"ಮಕ್ಕಳೇ, ಬನ್ನಿ ಬನ್ನಿ."

"ಇನ್ನೊಂದು ಸಲ." ಅಕ್ಕ ಬೆರಳು ಮಡಿಸಿದಳು. "ನಿನ್ನ ತುಟಿ ಮೂರು ಸಲ ಸೇರ್ತು. ನಿನ್ನಜ್ಜೀದು ಒಂದು ಸಲಾನೂ ಸೇರಲಿಲ್ಲ."

ಮಕಾರ ಬಕಾರಕ್ಕೆ ತುಟಿ ಸೇರಲೇಬೇಕು. ಸೇರಿಸದೆ ಹೇಳಬಲ್ಲೆ ಎನ್ನುವ ಘಟಾನುಘಟಿಗಳಿದ್ದರೆ ಈಗಲೇ ಪ್ರಯತ್ನಿಸಬಹುದು. ಚುಕ್ಕಿ ಆ ಫ್ರೇಮಿಗೆ ಹೋಗಿ ನಿಲ್ಲಿಸಿ ನೋಡಿದಳು. ಅಜ್ಜಿಯ ಬಾಯಿ ಗುಂಡಗೆ ತೆರೆದಿತ್ತು. ಕೆಳಗೆ ಅವಳು ಬರೆದ ಸಂಖ್ಯೆ ಹನ್ನೆರಡು. ಹನ್ನೆರಡೆಂದರೆ ಮುಚ್ಚಿದ ತುಟಿ. ಬಾಯಿಗಳ ಪಟ್ಟಿ ತೆರೆದಳು. ಮುಚ್ಚಿದ ತುಟಿ ಹದಿಮೂರನೆಯ ಜಾಗದಲ್ಲಿ ಕೂತಿತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು!"

ಆಗಿದ್ದು ಇಷ್ಟೇ. ಅವಳ ಸಾಫ್ಟ್‌ವೇರ್‌ನಲ್ಲಿ ಬಾಯಿಗಳೆಲ್ಲ ಒಂದು ಪಟ್ಟಿಯಲ್ಲಿರುತ್ತವೆ. ಯಾವ ಫ್ರೇಮಿಗೆ ಯಾವ ಬಾಯಿ ಎಂದು ಬರೆಯುವುದು ಬರೀ ಸಂಖ್ಯೆ. ನಿನ್ನೆ ಸಂಜೆ ಕೊನೆಯ ದೃಶ್ಯಕ್ಕೆ ನಗುವ ಬಾಯಿಯೊಂದು ಬೇಕಾಗಿ, ಇಪ್ಪತ್ತೊಂದನೆಯದಾಗಿ ಬರೆದಳು. ಪಟ್ಟಿಯ ತುದಿಯಲ್ಲಿ ಬಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು? ಅಚ್ಚುಕಟ್ಟಾಗಿರಲಿ ಎಂದು ಅಗಲ ಬಾಯಿಗಳ ಪಕ್ಕ, ಐದನೆಯ ಜಾಗದಲ್ಲಿ ತುರುಕಿದಳು. ಅದರಿಂದಾಚೆಗಿನ ಬಾಯಿಗಳೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದವು, ಫ್ರೇಮುಗಳು ಮಾತ್ರ ಹಳೆಯ ಸಂಖ್ಯೆಯನ್ನೇ ಕೂಗುತ್ತಿದ್ದವು. ಆಮೇಲೂ ಅವಳು ಚಿತ್ರವನ್ನು ನಾಲ್ಕು ಸಲ ನೋಡಿದ್ದಳು, ಧ್ವನಿ ಹಾಕಿಕೊಂಡು! ಕಿವಿಗೆ "ಮಕ್ಕಳೇ" ಎಂದು ಕೇಳಿದ ಮೇಲೆ ಕಣ್ಣು ತಕರಾರು ತೆಗೆಯುವುದಿಲ್ಲ. ಕಿವಿ ಇದ್ದವರ ಕಣ್ಣಿಗೆ ಅಷ್ಟು ಸೋಮಾರಿತನ.

ನಗುವ ಬಾಯಿಯನ್ನು ಪಟ್ಟಿಯ ತುದಿಗೆ ಎಳೆದು ಹಾಕಿದಳು. ಅದು ಬರುತ್ತಿದ್ದ ನಾಲ್ಕು ಕಡೆ ಸಂಖ್ಯೆ ತಿದ್ದಿದಳು. ಎರಡು ತಿಂಗಳ ಕೆಲಸ ಎರಡು ನಿಮಿಷದಲ್ಲಿ ಮರಳಿ ಕೈಗೆ ಬಂತು. ಹೋದ ಜೀವ ಬಂದಂತಾಗಿ ಅವಳು ಮೇಜಿನ ಮೇಲೆ ಹಣೆಯಿಟ್ಟು ಉಸಿರು ಬಿಟ್ಟಳು. ಅಕ್ಕ ಬೆನ್ನಿಗೊಂದು ಗುದ್ದಿದಳು.

"ಮಲಗಿದ್ದು ಸಾಕು, ಹಾಕು."

ಈ ಸಲ ಚುಕ್ಕಿ ಧ್ವನಿಯನ್ನು ಪೂರ್ತಿ ತೆಗೆದಳು. ತನ್ನ ಕಿವಿಯ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ಸದ್ದಿಲ್ಲದ ಕೋಣೆಯಲ್ಲಿ ಅಜ್ಜಿ ಬಾಗಿಲು ತೆರೆದಳು, ತುಟಿ ಮೂರು ಸಲ ಸೇರಿತು. "ಮಕ್ಕಳೇ, ಬನ್ನಿ ಬನ್ನಿ" ಎಂದಳು ಅಕ್ಕ, ಅಜ್ಜಿಯ ಜೊತೆಜೊತೆಗೇ. ಚುಕ್ಕಿ ಆಮೇಲೆ ಪರದೆ ನೋಡಲೇ ಇಲ್ಲ, ಅಕ್ಕನನ್ನೇ ನೋಡುತ್ತ ಕೂತಳು. ಅಜ್ಜಿ ಕನ್ನಡಕ ಕಳೆದುಕೊಂಡು ಮನೆಯೆಲ್ಲ ಜಾಲಾಡಿ, ಸೊಂಟದ ಮೇಲೆ ಕೈಯಿಟ್ಟು, "ಕನ್ನಡಕ ಇಲ್ದೆ ಕನ್ನಡಕ ಹುಡುಕು ಅಂದ್ರೆ ಹೇಗ್ರೋ?" ಎನ್ನುವಲ್ಲಿಗೆ ಚಿತ್ರ ಬಂತು. ಅಕ್ಕ ಚೀಲ ಕೆಳಗೆ ಬೀಳುವಂತೆ ನಕ್ಕಳು.

ನಗೆ ಕೇಳಿ ಯಜಮಾನರು ಒಳಗೆ ಬಂದರು. ಪರದೆ ನೋಡಿದರು, ಸದ್ದಿಲ್ಲ. ಅಜ್ಜಿ ಏನೋ ಹೇಳುತ್ತಲೇ ಇದ್ದಾಳೆ, ಅಕ್ಕ ನಗುತ್ತಲೇ ಇದ್ದಾಳೆ. ಅವರು ಅಕ್ಕನ ಎದುರು ಬಂದು ಬಾಗಿ ಕೇಳಿದರು, "ಏನಂದ್ಲು? ಏನಂದ್ಲು ಅಜ್ಜಿ?"

ಚುಕ್ಕಿಗೆ ಚುರುಕ್ಕೆಂದಿತು. ಮನೆಯಲ್ಲಿ ಎಲ್ಲರೂ ಸೇರಿ ನಕ್ಕಾಗಲೆಲ್ಲ ಹೀಗೆ ಮುಖದಿಂದ ಮುಖಕ್ಕೆ ಬಾಗಿ ಕೇಳುತ್ತಿದ್ದವಳು ಅಕ್ಕ. 'ಆಮೇಲೆ ಹೇಳ್ತೀನಿ' ಎಂದು ಚುಕ್ಕಿಯೇ ಎಷ್ಟು ಸಲ ಅಂದಿದ್ದಳೋ, ಆಮೇಲೆ ಒಮ್ಮೆಯೂ ಹೇಳಿರಲಿಲ್ಲ.

ಅಕ್ಕ ಯಜಮಾನರ ತುಟಿ ನೋಡಿದಳು. ಅವರ ತೋಳು ಹಿಡಿದು ಪರದೆಗೆ ಅಡ್ಡವಾಗದಂತೆ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಆಮೇಲೆ ಹೇಳ್ತೀನಿ, ಸ್ವಲ್ಪ ಸುಮ್ನಿರಿ."

ಯಜಮಾನರು ಕುರ್ಚಿ ಎಳೆದುಕೊಂಡು ಕಾಯುತ್ತ ಕೂತರು.