ಪೋಸ್ಟಮ್ಮನ ಬ್ರೇಕು

"ನಾಳೆ ಮಾತ್ರ ದಯವಿಟ್ಟು ಇದನ್ನ ಎಳೀಬೇಡಿ ಅಮ್ಮ," ಎಂದು ಕಾರಿನ ಅಡಿಯಿಂದ ಮೆಕ್ಯಾನಿಕ್ ಗ್ರೀಸಣ್ಣನ ದನಿ ಬಂತು. ದನಿ ಮಾತ್ರ. ಆಸಾಮಿಯ ಮೊಣಕಾಲಿನಿಂದ ಮೇಲಿನದೆಲ್ಲ ಕಾರಿನ ಹೊಟ್ಟೆಯ ಕೆಳಗಿತ್ತು.

ಪೋಸ್ಟಮ್ಮ ಕಾಫಿ ಲೋಟ ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. "ಯಾಕೆ, ನನ್ನ ಭುಜ ನೋಯುತ್ತೆ ಅಂತಲಾ? ಎಷ್ಟೋ ವರ್ಷದಿಂದ ನೋಯ್ತಾನೇ ಇದೆ ಮಾರಾಯ. ಇನ್ನೊಂದು ದಿನ ನೋಯ್ಲಿ ಬಿಡು."

"ಭುಜಕ್ಕಲ್ಲ." ಒಂದು ನಟ್ಟು ನೆಲಕ್ಕೆ ಬಿದ್ದ ಸದ್ದಾಯಿತು. "ನಾಳೆ ಎಳೆದ್ರೆ ಹಿಡಿಯುತ್ತೆ. ಅದಕ್ಕೆ."

ಬ್ರೇಕು ಹಿಡಿಯದೆ ಇನ್ನೇನು ಹಾಡು ಹೇಳುತ್ತದೆಯೇ ಎಂದು ಕೇಳಬೇಕೆನಿಸಿತು ಅವರಿಗೆ. ಮೂವತ್ತೆಂಟು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಬಂದ ಕಾಗದಗಳಿಗೆಲ್ಲ ಧಡ್ ಧಡ್ ಎಂದು ಮುದ್ರೆ ಕುಟ್ಟಿದ್ದ ಹೆಂಗಸು. ಬಾಯಿಗೆ ಬಂದದ್ದನ್ನು ನುಂಗುವ ಅಭ್ಯಾಸ ಅವರಿಗಿರಲಿಲ್ಲ. ಆದರೆ ಗ್ರೀಸಣ್ಣನ ದನಿಯಲ್ಲಿ ಏನೋ ಇತ್ತು. ಅವರು ಒಂದು ಗುಟುಕು ಕಾಫಿ ಕುಡಿದರು.

ಕಾರು ಯಜಮಾನರದು. ಬೆಟ್ಟದ ಮೇಲಿನ ನೀರಿನ ಪಂಪುಮನೆಯಲ್ಲಿ ಕೆಲಸಕ್ಕಿದ್ದ ಪೋಸ್ಟಮ್ಮನ ಗಂಡ, ಗುಜರಿಯಲ್ಲಿ ಬಿದ್ದಿದ್ದ ಇದನ್ನು ಮೂವತ್ತು ವರ್ಷದ ಹಿಂದೆ ತೂಕದ ಲೆಕ್ಕದಲ್ಲಿ ತಂದು ನಿಲ್ಲಿಸಿದಾಗ ಊರೇ ನಕ್ಕಿತ್ತು. ನೂರು ವರ್ಷ ದಾಟಿದ ಮುದುಕಿ: ಎತ್ತಿನ ಗಾಡಿಯ ಹಾಗೆ ಮರದ ಅರೆಗಳ ಚಕ್ರ, ಹಿತ್ತಾಳೆಯ ದೀಪ, ಮುಂದೆ ಬಗ್ಗಿ ಹ್ಯಾಂಡಲ್ ತಿರುಗಿಸಿದರಷ್ಟೇ ಏಳುವ ಎಂಜಿನ್ನು. ವರ್ಷಕ್ಕೊಮ್ಮೆ ಕೆಳಗಿನ ಪೇಟೆಯಲ್ಲಿ ಹಳೆಯ ಕಾರುಗಳ ಮೆರವಣಿಗೆ ಆಗುವಾಗ ಗಂಡ ಹೆಂಡತಿ ಇದರಲ್ಲಿ ಹನ್ನೊಂದು ತಿರುವು ಇಳಿದು ಹೋಗುತ್ತಿದ್ದರು. ಸೀಟುಗಳ ನಡುವೆ ಎರಡು ಕಬ್ಬಿಣದ ಹಿಡಿಗಳು. ಗೇರಿನದು ಯಜಮಾನರ ಕೈಗೆ, ಬ್ರೇಕಿನದು ಪೋಸ್ಟಮ್ಮನ ಕೈಗೆ. ಕಾಲಿನ ಬ್ರೇಕು ಬೇರೆ ಇತ್ತು, ಆದರೆ ಆ ಇಳಿಜಾರಿಗೆ ಅದೊಂದೇ ಸಾಲದು. ಸ್ಟೇರಿಂಗಿಗೇ ಎರಡು ಕೈ ಬೇಕಾಗುವ ಗಾಡಿಯಲ್ಲಿ ಬ್ರೇಕಿಗೆ ಮೂರನೆಯ ಕೈ ಎಲ್ಲಿಂದ ತರುವುದು? "ಡ್ರೈವರ್ ಅವರೇ ಇರಬಹುದು, ಕಾರು ನಿಲ್ಲೋದು ನನ್ನ ಕೈಲಿ," ಎಂದು ಅಂಚೆ ಕಚೇರಿಗೆ ಬಂದವರಿಗೆಲ್ಲ ಪೋಸ್ಟಮ್ಮ ಹೇಳುತ್ತಿದ್ದರು. ಸ್ಟಾಂಪು ಕೊಳ್ಳಲು ಬಂದವರಿಗೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ, ಪಾಪ.

ಯಜಮಾನರು ತೀರಿಕೊಂಡು ಐದು ತಿಂಗಳಾಗಿತ್ತು. ಕಾರನ್ನು ಕೆಳಗಿನ ಸಂಗ್ರಹಾಲಯಕ್ಕೆ ಕೊಡುವುದೆಂದು ಪೋಸ್ಟಮ್ಮನೇ ತೀರ್ಮಾನಿಸಿದ್ದರು. ಸಂಗ್ರಹಾಲಯದವರು ಲಾರಿ ಕಳಿಸುತ್ತೇವೆ ಎಂದಾಗ ಮಾತ್ರ ಒಪ್ಪಲಿಲ್ಲ. "ಹೆಣ ಸಾಗಿಸಿದ ಹಾಗೆ ಸಾಗಿಸೋದು ಬೇಡ. ಅದು ತನ್ನ ಚಕ್ರದ ಮೇಲೆ ಇಳಿದು ಬರುತ್ತೆ. ಗ್ರೀಸಣ್ಣ ಓಡಿಸ್ತಾನೆ, ನಾನು ಬ್ರೇಕು ಹಿಡೀತೀನಿ," ಎಂದು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು.

ಗ್ರೀಸಣ್ಣ ತೆವಳಿಕೊಂಡು ಹೊರಬಂದು ಎದ್ದು ಕೂತ. ಅವನ ಕೈಯಲ್ಲಿ ಗೇಣುದ್ದದ ಒಂದು ದಪ್ಪ ಸ್ಪ್ರಿಂಗ್ ಇತ್ತು. ಅವರ ಮುಖ ನೋಡದೆ ಅದನ್ನೇ ಬಟ್ಟೆಯಿಂದ ಒರೆಸತೊಡಗಿದ.

"ನಿಮ್ಮ ಬ್ರೇಕಿನ ಹಿಡಿ ಕೆಳಗಡೆ ಇದಕ್ಕೆ ಸಿಕ್ಕಿಸಿತ್ತು ಅಮ್ಮ. ಹಿಂದಿನ ಚಕ್ರಗಳಿಗೆ ಹೋಗೋ ಸರಳು ಇರಲಿಲ್ಲ. ಹದಿನೆಂಟು ವರ್ಷದಿಂದ ಇಲ್ಲ. ಇವತ್ತು ಮತ್ತೆ ಹಾಕಿದೆ."

"ಇಲ್ಲ ಅಂದ್ರೆ?"

"ಅಂದ್ರೆ, ನೀವು ಎಳೀತಿದ್ದದ್ದು ಈ ಸ್ಪ್ರಿಂಗನ್ನ. ಲಾರಿ ಸೀಟಿಂದು. ಎಳೆದಾಗ ಬಿಗಿಯಾಗಿ ಬರ್ಲಿ ಅಂತ ಯಜಮಾನ್ರೇ ಹುಡುಕಿ ತಂದಿದ್ರು."

ಪೋಸ್ಟಮ್ಮ ಲೋಟವನ್ನು ಮಡ್‌ಗಾರ್ಡಿನ ಮೇಲಿಟ್ಟರು. ಯಜಮಾನರಿದ್ದಿದ್ದರೆ ಬಣ್ಣ ಹಾಳಾಗುತ್ತದೆ ಎಂದು ಹೌಹಾರುತ್ತಿದ್ದರು.

"ನಿಂಗೆ ಗೊತ್ತಿತ್ತು."

"ಹಾಕಿದವನೇ ನಾನು."

"ಇನ್ನು ಯಾರ್ಯಾರಿಗೆ ಗೊತ್ತು?"

"ದೇವರಾಣೆ, ಇನ್ಯಾರಿಗೂ ಇಲ್ಲ."

ಹದಿನೆಂಟು ವರ್ಷ, ವರ್ಷಕ್ಕೆ ಹನ್ನೊಂದು ತಿರುವು. ಪ್ರತಿ ತಿರುವಿನಲ್ಲೂ ಹಲ್ಲು ಕಚ್ಚಿ, ಕಾಲನ್ನು ನೆಲಹಲಗೆಗೆ ಒತ್ತಿ, ಭುಜ ಕಿತ್ತು ಬರುವಂತೆ ಎಳೆದದ್ದು. ಮನೆಗೆ ಬಂದ ಮೇಲೆ ಆ ಭುಜಕ್ಕೆ ಯಜಮಾನರೇ ಎಣ್ಣೆ ತಿಕ್ಕಿದ್ದು! ಅದು ನೆನಪಾಗಿ ಪೋಸ್ಟಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕಿವಿಯವರೆಗೆ ಕೆಂಪಾದರು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಏನು ಸಾಧಿಸುವುದು? ಎದುರಿಗಿದ್ದವನು ಗ್ರೀಸಣ್ಣ.

"ಯಾಕೆ? ನಾನೇನು ಮಗುವಾ, ಕೈಗೊಂದು ಆಟದ ಸಾಮಾನು ಕೊಟ್ಟು ಕೂರಿಸೋಕೆ?"

ಗ್ರೀಸಣ್ಣ ಸ್ಪ್ರಿಂಗನ್ನು ಕೆಳಗಿಟ್ಟ. "ಮೂರನೇ ತಿರುವಲ್ಲಿ ಒಂದು ಸಲ ಕಾರು ಅಡ್ಡ ಆಗಿತ್ತಲ್ಲ, ನೆನಪಿದೆಯಾ?"

"ಮರಳು ಇತ್ತು. ಚಕ್ರ ಜಾರಿತು."

"ಮರಳು ಇರ್ಲಿಲ್ಲ ಅಮ್ಮ. ನೀವು ಹೆದರಿ ಒಂದೇ ಏಟಿಗೆ ಎಳೆದುಬಿಟ್ರಿ. ಹಿಂದಿನ ಎರಡೂ ಚಕ್ರ ಕಚ್ಕೊಂಡವು. ಬಾಲ ತಿರುಗಿ ಅಂಚಿಗೆ ಹೋಯ್ತು. ಇನ್ನೊಂದು ಮೊಳ ಆಗಿದ್ರೆ..." ಅವನು ಒರೆಸುವ ಬಟ್ಟೆಯನ್ನು ಮಡಿಚಿದ. "ಮಾರನೇ ದಿನ ಯಜಮಾನ್ರು ನನ್ನ ಹತ್ರ ಬಂದ್ರು. ಅವಳಿಗೆ ಹೇಳಿದ್ರೆ ಇನ್ನು ಪಕ್ಕದಲ್ಲಿ ಕೂರೋದಿಲ್ಲ ಕಣೋ ಅಂದ್ರು. ಬ್ರೇಕು ಮುಟ್ಟಬೇಡ ಅಂದ್ರೂ ಕೂರೋದಿಲ್ಲ. ಸರಳು ಬಿಚ್ಚಿಬಿಡು ಅಂದ್ರು. ಒಂದೇ ಬ್ರೇಕಲ್ಲಿ ಈ ಇಳಿಜಾರು ಇಳಿಯೋದು ಹುಚ್ಚು ಅಂತ ಎಷ್ಟು ಬಡ್ಕೊಂಡೆ. ಕೇಳ್ಲಿಲ್ಲ. ಅವರಿಗೆ ಈ ಗಾಡಿ ಅಂಗೈ ನೆಲ್ಲಿಕಾಯಿ, ಇಳಿಸಿದ್ರು. ನನ್ನ ಕೈಲಿ ಆಗೋ ಮಾತಲ್ಲ ಅದು. ನಂಗೆ ಎರಡೂ ಬ್ರೇಕು ಬೇಕು. ಅದಕ್ಕೇ ಸರಳು ಹಾಕಿದ್ದು, ಅದಕ್ಕೇ ಬಾಯಿ ಬಿಟ್ಟಿದ್ದು. ಇಲ್ದಿದ್ರೆ ಸಾಯೋವರೆಗೂ ಹೇಳ್ತಿರ್ಲಿಲ್ಲ. ನೀವು ನಾಳೆ ಬಸ್ಸಲ್ಲಿ ಬನ್ನಿ ಅಮ್ಮ. ನಾನೊಬ್ಬನೇ ಹೆಂಗೋ ಇಳಿಸ್ತೀನಿ."

ಪೋಸ್ಟಮ್ಮ ಮನೆಯೊಳಗೆ ಹೋದರು. ಅಡುಗೆಮನೆಯಲ್ಲಿ ತೊಳೆದಿಟ್ಟಿದ್ದ ಪಾತ್ರೆಯನ್ನೇ ಮತ್ತೆ ತೊಳೆದರು. ಐದು ತಿಂಗಳಿಂದ ಆ ಮನೆಯಲ್ಲಿ ಒಂದು ಪಾತ್ರೆ, ಒಂದು ತಟ್ಟೆ, ಒಂದು ಲೋಟಕ್ಕಿಂತ ಹೆಚ್ಚು ಮುಸುರೆ ಬೀಳುತ್ತಿರಲಿಲ್ಲ. ಆ ಒಂಟಿತನ ಹೇಗೋ ಅಭ್ಯಾಸವಾಗುತ್ತಿತ್ತು. ಮಾತಾಡಬೇಕೆನಿಸಿದಾಗ ಶೆಡ್ಡಿಗೆ ಹೋಗಿ ಎಡಗಡೆಯ ಸೀಟಿನಲ್ಲಿ ಕೂತು ಬರುತ್ತಿದ್ದರು. ಅಲ್ಲಿ ಕೂತರೆ ಇಬ್ಬರೂ ಜೊತೆಯಾಗಿ ಮಾಡಿದ ಕೆಲಸ ಒಂದಿತ್ತು ಎನ್ನಿಸುತ್ತಿತ್ತು. ಉಳಿದಂತೆ ಗಂಡ ಪಂಪಿನ ಮನುಷ್ಯ, ಹೆಂಡತಿ ಮುದ್ರೆಯ ಮನುಷ್ಯೆ. ಮಾತು ಕಡಿಮೆ, ಮಕ್ಕಳಿಲ್ಲ. ಆ ಹನ್ನೊಂದು ತಿರುವುಗಳಷ್ಟೇ ಇಬ್ಬರದೂ ಆಗಿದ್ದವು.

ಅದೂ ಇರಲಿಲ್ಲವೆಂದಾಯಿತು. ತಾವು ಪಕ್ಕದಲ್ಲಿ ಕೂತಿದ್ದಾಗಲೂ ಯಜಮಾನರು ಒಬ್ಬರೇ ಇಳಿದಿದ್ದರು. ಒಂದೇ ಬ್ರೇಕು, ಕೆಳಗೆ ಪ್ರಪಾತ, ಪಕ್ಕದಲ್ಲಿ ಸ್ಪ್ರಿಂಗು ಎಳೆಯುತ್ತ ಬೀಗುವ ಹೆಂಡತಿ. ಹದಿನೆಂಟು ವರ್ಷ ಆ ಮನುಷ್ಯ ಒಬ್ಬರಿಗೂ ಹೇಳಿಕೊಳ್ಳದೆ ಹೆದರಿದ್ದರು. ಸಿಟ್ಟು ಆರುವ ಮೊದಲೇ ಸಂಕಟ ಬಂತು. ಪೋಸ್ಟಮ್ಮ ನಲ್ಲಿ ತಿರುಗಿಸಿಟ್ಟು, ನೀರಿನ ಸದ್ದಿನಲ್ಲಿ ಸ್ವಲ್ಪ ಹೊತ್ತು ಅತ್ತರು.

ಮತ್ತೆ ಶೆಡ್ಡಿಗೆ ಬಂದಾಗ ಗ್ರೀಸಣ್ಣ ಸಾಮಾನು ಕಟ್ಟುತ್ತಿದ್ದ.

"ಎಷ್ಟು ಎಳೀಬೇಕು, ಹೇಳ್ಕೊಡು," ಎಂದರು.

"ಅಮ್ಮ, ಬಸ್ಸು..."

"ಬಸ್ಸಿನ ಮಾತು ಎತ್ತಿದ್ರೆ ನೋಡು. ನಾನು ಕೂರ್ತೀನಿ. ಹೇಳ್ಕೊಡ್ತೀಯೋ, ನಾನೇ ಕಲೀಲೋ?"

ಅಂಗಳದಲ್ಲಿ ಕಾರನ್ನು ನಡಿಗೆಯ ವೇಗದಲ್ಲಿ ಓಡಿಸಿದ ಗ್ರೀಸಣ್ಣ "ಈಗ" ಎಂದ. ಪೋಸ್ಟಮ್ಮ ಎಂದಿನ ಅಭ್ಯಾಸದಲ್ಲಿ ಎಳೆದರು. ಕಾರು ಗಕ್ಕನೆ ನಿಂತಿತು. ಗ್ರೀಸಣ್ಣ ಹಣೆಯನ್ನು ಸ್ಟೇರಿಂಗಿಗೆ ಕುಟ್ಟಿಸಿಕೊಂಡ, ಟೂಲ್ ಪೆಟ್ಟಿಗೆ ಹಿಂದಿನಿಂದ ಮುಂದಕ್ಕೆ ಬಂತು. ಮೂರನೆಯ ತಿರುವಿನಲ್ಲಿ ಏನಾಗಿತ್ತೆಂದು ಅವರಿಗೆ ಯಾರೂ ಮತ್ತೆ ವಿವರಿಸಬೇಕಾಗಲಿಲ್ಲ.

"ಮುದ್ರೆ ಕುಟ್ಟೋದಲ್ಲ ಅಮ್ಮ ಇದು," ಹಣೆ ಉಜ್ಜಿಕೊಳ್ಳುತ್ತ ಅವನು ಹೇಳಿದ. "ಕೆಳಗೆ ಹಲ್ಲುಗಳಿವೆ, ಕಿವಿಗೊಟ್ರೆ ಕಟ್ ಅನ್ನುತ್ತೆ. ಎರಡು ಹಲ್ಲು ಎಳೀರಿ, ಹತ್ತು ಎಣಿಸಿ, ಬಿಡಿ. ಬಿಡೋದು ಮುಖ್ಯ. ಹಿಡಿದೇ ಇದ್ರೆ ಕಾಲಿನ ಬ್ರೇಕಿನ ಹಾಗೆ ಇದೂ ಕಾದುಹೋಗುತ್ತೆ, ಆಮೇಲೆ ಹಿಡಿಯೋದಿಲ್ಲ. ನಾನು ಕಾಲಲ್ಲಿ ಹಿಡಿದಾಗ ನೀವು ಬಿಡಬೇಕು, ನೀವು ಹಿಡಿದಾಗ ನಾನು ಬಿಡಬೇಕು." ಕತ್ತಲಾಗುವವರೆಗೆ ಅಂಗಳದಲ್ಲಿ ಸುತ್ತು ಹಾಕಿದರು. ಕಟ್, ಕಟ್, ಹತ್ತು, ಬಿಡು.

ಬೆಳಿಗ್ಗೆ ಇಳಿಜಾರು ಶುರುವಾಗುವ ಕಡೆ ಗ್ರೀಸಣ್ಣ ಕಾರನ್ನು ಪೂರ್ತಿ ನಿಲ್ಲಿಸಿ ಮೊದಲನೆಯ ಗೇರಿಗೆ ಹಾಕಿದ. "ಹತ್ತೋ ಗೇರಲ್ಲೇ ಇಳೀಬೇಕು. ಮಧ್ಯದಲ್ಲಿ ಗೇರು ತೆಗೆದ್ರೆ ಮತ್ತೆ ಬೀಳೋದಿಲ್ಲ. ಆಮೇಲೆ ನಾವು ಬೀಳ್ತೀವಿ," ಎಂದು ತಾನೇ ನಕ್ಕ. ಪೋಸ್ಟಮ್ಮ ನಗಲಿಲ್ಲ.

ಮೊದಲ ಆರು ತಿರುವುಗಳನ್ನು ಅವನು ಕಾಲಿನ ಬ್ರೇಕಿನಲ್ಲೇ ಇಳಿಸಿದ. ಎಂಜಿನ್ನು ಗುರುಗುಟ್ಟುತ್ತ ಗಾಡಿಯನ್ನು ಹಿಂದಕ್ಕೆ ಹಿಡಿದಿತ್ತು. ಅವುಗಳಲ್ಲಿ ಮೂರನೆಯದು ಬಂದಾಗ ಪೋಸ್ಟಮ್ಮ ರಸ್ತೆಯ ಅಂಚನ್ನು ನೋಡಿದರು. ಅಲ್ಲೊಂದು ಮೈಲಿಗಲ್ಲು, ಅದರಾಚೆ ಬರಿಯ ಗಾಳಿ. ಅವರ ಕೈ ಹಿಡಿಯ ಮೇಲಿತ್ತು, ಆದರೆ ಅಂಗೈ ಬೆವೆತು ಜಾರುತ್ತಿತ್ತು. ಮತ್ತೊಮ್ಮೆ ಅದೇ ಆದರೆ ತಪ್ಪನ್ನು ಮರಳಿನ ಮೇಲೆ ಹಾಕಲು ಯಜಮಾನರು ಈಗ ಇರಲಿಲ್ಲ.

ಏಳನೆಯ ತಿರುವು ಎಲ್ಲಕ್ಕಿಂತ ಕಡಿದು. ಅದು ಕಾಣಿಸುವ ಹೊತ್ತಿಗೆ ಕಾಲಿನ ಬ್ರೇಕಿನ ಚರ್ಮದ ಪಟ್ಟಿ ಸುಟ್ಟ ವಾಸನೆ ಬಂತು. ಗ್ರೀಸಣ್ಣನ ಕಾಲು ನೆಲಹಲಗೆಯವರೆಗೆ ಹೋಗಿತ್ತು, ಕಾರು ಮಾತ್ರ ನಿಧಾನವಾಗಲಿಲ್ಲ.

"ಕಾದುಹೋಯ್ತು. ಅಮ್ಮ, ಈಗ."

ಪೋಸ್ಟಮ್ಮನ ಕೈ ಅಲುಗಲಿಲ್ಲ.

"ಅಮ್ಮ! ಎಳೀರಿ!"

ಕಟ್. ಕಾರಿನ ಹಿಂಭಾಗ ಯಾರೋ ಸೆರಗು ಜಗ್ಗಿದ ಹಾಗೆ ತುಸು ತಡೆಯಿತು. ಎಳೆದು ಮುಗಿಸಿಬಿಡು ಎಂದು ಭುಜ ಬಡಿದುಕೊಳ್ಳುತ್ತಿತ್ತು. ಅದನ್ನು ತಡೆದು ಅವರು ಇನ್ನೊಂದೇ ಹಲ್ಲು ಎಳೆದರು. ಕಟ್. ಹಿಡಿ ನಡುಗಿತು, ಆ ನಡುಕ ಮಣಿಕಟ್ಟಿನಿಂದ ಮೊಣಕೈಗೆ ಹತ್ತಿತು. ಸ್ಪ್ರಿಂಗು ಎಂದೂ ನಡುಗಿರಲಿಲ್ಲ. ಒಂದು, ಎರಡು, ಮೂರು... ರಸ್ತೆಯ ಬದಿಯ ಕಲ್ಲುಗಳು ಒಂದೊಂದಾಗಿ ಎಣಿಸುವಷ್ಟು ನಿಧಾನವಾದವು. ಗ್ರೀಸಣ್ಣ ಸ್ಟೇರಿಂಗನ್ನು ಎರಡೂ ಕೈಯಲ್ಲಿ ತಿರುಗಿಸಿದ. ಎಂಟು, ಒಂಬತ್ತು, ಹತ್ತು. ಬಿಟ್ಟರು.

ತಿರುವಿನಾಚೆಯ ಸಮತಟ್ಟಿನಲ್ಲಿ ನಿಲ್ಲಿಸಿ ಕಾಲಿನ ಬ್ರೇಕು ತಣಿಯುವವರೆಗೆ ಕಾದರು. ಯಜಮಾನರೂ ಇಲ್ಲೇ ನಿಲ್ಲಿಸುತ್ತಿದ್ದರು, ನಿನ್ನ ಭುಜಕ್ಕೆ ವಿಶ್ರಾಂತಿ ಬೇಕು ಎಂದು. ಗ್ರೀಸಣ್ಣ ಬೆವರು ಒರೆಸಿಕೊಂಡ, ನೀರು ಕುಡಿದ.

ಉಳಿದ ನಾಲ್ಕು ತಿರುವುಗಳನ್ನು ಇಬ್ಬರೂ ಹಂಚಿಕೊಂಡು ಇಳಿದರು. ಹೊಂದಾಣಿಕೆ ಸಾಲದು. ಅವರು ಎಳೆದಾಗ ಇವನೂ ಒತ್ತಿ ಕಾರು ಮುಗ್ಗರಿಸುವುದು, ಅವರು ಬಿಟ್ಟಾಗ ಇವನೂ ಬಿಟ್ಟು ಕಾರು ನುಗ್ಗುವುದು. "ನನ್ನ ಕೈ ನೋಡ್ಕೊಂಡು ಒತ್ತೋ," ಎಂದು ಪೋಸ್ಟಮ್ಮ ರೇಗಿದರು. "ರಸ್ತೆ ನೋಡ್ಲೋ, ನಿಮ್ಮ ಕೈ ನೋಡ್ಲೋ?" ಎಂದು ಅವನೂ ರೇಗಿದ.

ಆಗ ಅವರಿಗೆ ಹೊಳೆಯಿತು. ಆ ಹದಿನೆಂಟು ವರ್ಷದಲ್ಲಿ ಅವರು ಎಳೆದಾಗಲೆಲ್ಲ ಕಾರು ನಿಧಾನವಾಗಿತ್ತು, ಬಿಟ್ಟಾಗಲೆಲ್ಲ ಸಡಿಲವಾಗಿತ್ತು. ಒಮ್ಮೆಯಾದರೂ ಮುಗ್ಗರಿಸಿರಲಿಲ್ಲ, ಅನುಮಾನಕ್ಕೆ ಎಡೆ ಕೊಟ್ಟಿರಲಿಲ್ಲ. ತಿರುವಿನಲ್ಲಿ ಯಜಮಾನರ ಕಣ್ಣು ಆಗಾಗ ಎಡಕ್ಕೆ ಬರುತ್ತಿದ್ದುದು ಅವರಿಗೆ ಗೊತ್ತಿತ್ತು. ಅಂಚು ನೋಡುತ್ತಾರೆ ಎಂದುಕೊಂಡಿದ್ದರು.

ಪೋಸ್ಟಮ್ಮ ಮತ್ತೆ ಹಿಡಿಗೆ ಕೈ ಹಾಕಿದರು. ಹತ್ತನೆಯ ತಿರುವು, ಹನ್ನೊಂದನೆಯ ತಿರುವು. ಕಟ್, ಕಟ್, ಹತ್ತು, ಬಿಡು.

ಸಂಗ್ರಹಾಲಯದ ಅಂಗಳದಲ್ಲಿ ಒಬ್ಬ ಗುಮಾಸ್ತ ಕಾಗದಗಳಿಗೆ ಸಹಿ ಹಾಕಿಸಿಕೊಂಡ. ಕಾರನ್ನು ಒಳಗೆ ತಳ್ಳಲು ಜನ ಊಟ ಮುಗಿಸಿ ಬರುತ್ತಾರೆ ಎಂದ. ಗ್ರೀಸಣ್ಣ ಬಸ್ಸಿನ ಸಮಯ ಕೇಳಿಕೊಂಡು ಬರಲು ರಸ್ತೆಯ ಕಡೆ ಹೋದ. ಏಳನೆಯ ತಿರುವಿನ ವಿಷಯ ಹೇಳಲು ಪೋಸ್ಟಮ್ಮನಿಗೆ ಬಾಯಿ ತುಂಬ ಮಾತಿತ್ತು. ಹೇಳಿದರೆ ಅರ್ಥವಾಗುವವರು ಒಬ್ಬರೇ, ಅವರು ಇರಲಿಲ್ಲ.

ಅವರು ಕಾರಿನ ಹಿಂದಕ್ಕೆ ನಡೆದುಹೋಗಿ ಚಕ್ರದ ಬಳಿ ಕಷ್ಟಪಟ್ಟು ಕುಕ್ಕರಗಾಲಿನಲ್ಲಿ ಕೂತರು. ಅರೆಗಳ ನಡುವೆ ಕೈ ತೂರಿಸಿ, ಬ್ರೇಕಿನ ಡ್ರಮ್ಮಿನ ಹತ್ತಿರ ಅಂಗೈ ಹಿಡಿದರು. ತಾವು ಎಳೆದ ಬ್ರೇಕಿನ ಬಿಸಿ ಹೊಡೆಯಿತು. ಸ್ವಲ್ಪ ಹೊತ್ತಿನ ಮೇಲೆ ಮುಟ್ಟಬಹುದಾದಷ್ಟು ಆಯಿತು. ರಸ್ತೆಯ ಕಡೆಯಿಂದ ಗ್ರೀಸಣ್ಣ, "ಅಮ್ಮ, ಬಸ್ಸು ಬಂತು!" ಎಂದು ಕೂಗಿದ. ಮತ್ತೊಮ್ಮೆ ಕೂಗಿದ. ಪೋಸ್ಟಮ್ಮ ಕಬ್ಬಿಣದ ಮೇಲಿಟ್ಟ ಕೈಯನ್ನು, ಅದು ಪೂರ್ತಿ ಆರುವವರೆಗೆ, ಹಾಗೇ ಇಟ್ಟುಕೊಂಡು ಕೂತಿದ್ದರು.